ಶನಿವಾರದ ಹುಡುಕಾಟ ತರಗತಿ: ನಮ್ಮ ಪಂಚಾಯಿತಿ ಲೈಬ್ರರಿಗೆ ಮಗಳನ್ನು ಕಳಿಸಿದ ಮೇಲೆ

ಕೊಡಗಿನ ಸಿದ್ದಾಪುರದಿಂದ ಅಮ್ಮತ್ತಿಗೆ ಹೋಗುವ ರಸ್ತೆ ಬದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪೆನ್ನು, ನೋಟ್‌ಬುಕ್, ಲ್ಯಾಮಿನೇಷನ್, ಪ್ರಿಂಟ್. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟರೆ ಅರ್ಧ ಗಂಟೆ ಅಂಗಡಿ ಮುಂದೆ ಮಕ್ಕಳದ್ದೇ ಗುಂಪು. "ಆಂಟಿ, ಕಾವೇರಿ ನದಿ ಪ್ರಾಜೆಕ್ಟ್, ನಾಲ್ಕು ಪುಟ ಪ್ರಿಂಟ್ ಕೊಡಿ." ಎಲ್ಲಿಂದ ತೆಗೆಯಬೇಕು, ಏನು ಬೇಕು, ಒಂದೂ ಹೇಳುವುದಿಲ್ಲ. ನಾನೇ ಹುಡುಕಬೇಕು, ನಾನೇ ಪ್ರಿಂಟ್ ಹಾಕಬೇಕು. ಬಹಳ ವರ್ಷ ಹಾಗೇ ಮಾಡಿದೆ. ಮೇಲೆ ಯಾವುದು ಬಂತೋ ಅದೇ ಪ್ರಿಂಟ್.

ಒಂದು ಸಲ ಒಬ್ಬ ಹುಡುಗ ಫೀಲ್ಡ್ ಮಾರ್ಷಲ್ ಕಾರಿಯಪ್ಪನವರ ಪ್ರಾಜೆಕ್ಟ್‌ಗೆ ಅಂತ ಫೋನಿನಲ್ಲಿ ಒಂದು ಫೋಟೋ ತಂದ. ನೋಡಿದರೆ ಜನರಲ್ ತಿಮ್ಮಯ್ಯನವರದ್ದು. ಇಬ್ಬರೂ ನಮ್ಮ ಜಿಲ್ಲೆಯವರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆ. ಕೊಡಗಿನ ಮಗುವಿಗೆ ಇವರಿಬ್ಬರ ಮುಖ ಅದಲುಬದಲಾದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. "ಹೆಸರು ಹಾಕಿ ಹುಡುಕಿದೆ, ಇದೇ ಬಂತು" ಅಂದ. ಅವನ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಬಂದದ್ದನ್ನು ಹೇಗೆ ನೋಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದಕ್ಕೇ ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ನಾವೆಲ್ಲ ಇನ್ನೂ ಲೈಬ್ರರಿ ಅಂತಲೇ ಕರೆಯುವ ಜಾಗದಲ್ಲಿ, "ಹುಡುಕುವುದು ಹೇಗೆ, ನಂಬುವುದು ಯಾವಾಗ" ಅಂತ ಎಂಟು ಶನಿವಾರದ ತರಗತಿ ಶುರುವಾದಾಗ ಮೊದಲ ದಿನವೇ ಮಗಳ ಹೆಸರು ಬರೆಸಿದೆ. ಅವಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಬೇರೆ ತಂದೆತಾಯಿ ನನ್ನನ್ನು ಕೇಳುತ್ತಾ ಇರುತ್ತಾರೆ, ಅದು ಹೇಗಿದೆ, ಕಳಿಸಬಹುದಾ ಅಂತ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಬೇಕಾದ ವಿಷಯ. ದುಡ್ಡು ಇಲ್ಲ. 2020 ರ ಮಕ್ಕಳ ದಿನದಂದು ಶುರುವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ 6 ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆ ಕಾರ್ಡ್ ಇದ್ದರೆ ಸಾಕು. ಶನಿವಾರ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ. ದಸರಾ ರಜೆ ಮುಗಿದ ಮೇಲೆ ಶುರುವಾಗಿ, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಒಂದು ವಾರ ಬಿಟ್ಟು, ಡಿಸೆಂಬರ್‌ನಲ್ಲಿ ಮುಗಿಯಿತು. ಇಪ್ಪತ್ತೆರಡು ಮಕ್ಕಳು. ಕಲಿಸುವವರು ಲೈಬ್ರರಿ ಮೇಲ್ವಿಚಾರಕಿಯೇ. ಎಲ್ಲರೂ ಮೇಡಂ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಮೊದಲನೇ ಶನಿವಾರ ಮಗಳನ್ನು ಬಿಡಲು ಹೋದವಳು ಕೊನೆಯ ಬೆಂಚಿನಲ್ಲಿ ಕುಳಿತುಬಿಟ್ಟೆ. ಮೇಡಂ ಒಂದು ಇಂಗ್ಲಿಷ್ ಪುಟ ತೆರೆದು ಕನ್ನಡದಲ್ಲಿ ವಿವರಿಸಿದರು. ಅಮೆರಿಕದ ವಾಯವ್ಯ ಮೂಲೆಯ ಮಳೆಕಾಡಿನಲ್ಲಿ ಮರದ ಮೇಲೆ ಬದುಕುವ ಆಕ್ಟೋಪಸ್ ಇದೆ, ಅದು ಅಳಿದು ಹೋಗುತ್ತಿದೆ, ಉಳಿಸಿ ಅಂತ ಆ ಪುಟ ಕೇಳುತ್ತದೆ. ಫೋಟೋ ಇದೆ, ವೈಜ್ಞಾನಿಕ ಹೆಸರು ಇದೆ. "ಇದು ನಿಜ ಅನ್ನುವವರು ಕೈ ಎತ್ತಿ" ಅಂದರು. ಅರ್ಧಕ್ಕಿಂತ ಜಾಸ್ತಿ ಕೈ ಎದ್ದವು. ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕೆಲಸಗಾರರ ಸಾಲು ಮನೆಯಿಂದ ಬರುವ ಒಬ್ಬ ಹುಡುಗ ಎದ್ದು ನಿಂತು, "ಮಳೆಗಾಲದಲ್ಲಿ ಏಡಿ ಮರ ಹತ್ತುವುದನ್ನು ನಾನೇ ನೋಡಿದ್ದೇನೆ ಮೇಡಂ, ಹಾಗಾದರೆ ಇದೂ ಇರಬಹುದಲ್ವಾ?" ಅಂದ.

ಮೇಡಂ ನಗಲಿಲ್ಲ, ಯಾರನ್ನೂ ನಗಲು ಬಿಡಲಿಲ್ಲ. "ನೀನು ನೋಡಿದ್ದು ನಿಜ. ಮರ ಹತ್ತುವ ಏಡಿ ನಮ್ಮ ಪಶ್ಚಿಮ ಘಟ್ಟದಲ್ಲಿ ಇದೆ. ನೀನು ಗೊತ್ತಿರುವುದರಿಂದ ಯೋಚನೆ ಮಾಡಿದೆ, ಒಳ್ಳೆಯದು. ಆದರೆ ಈ ಪುಟ ಬರೆದವರು ಯಾರು ಅಂತ ನಾವಿನ್ನೂ ಕೇಳಿಲ್ಲ" ಅಂದರು. ಆಮೇಲೆ ಆ ಪುಟವನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸದೊಂದು ಕಿಟಕಿ ತೆರೆದು, ಆ ಪ್ರಾಣಿಯ ಹೆಸರನ್ನೇ ಹಾಕಿ ಹುಡುಕಿಸಿದರು. ಒಂದೇ ನಿಮಿಷಕ್ಕೆ ಗೊತ್ತಾಯಿತು. 1998 ರಲ್ಲಿ ಒಬ್ಬರು ತಮಾಷೆಗೆ ಕಟ್ಟಿದ ಪುಟ ಅದು. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಅಲ್ಲಿನ ಏಳನೇ ಕ್ಲಾಸಿನ ಮಕ್ಕಳಿಗೆ ತೋರಿಸಿದಾಗ ಆ ಮಕ್ಕಳೂ ನಂಬಿದ್ದರಂತೆ. ನಮ್ಮ ಮಕ್ಕಳ ಮುಖ ಆಗ ಸ್ವಲ್ಪ ಸಡಿಲವಾಯಿತು.

"ಪುಟ ಬಿಟ್ಟು ಹೊರಗೆ ಬಾ." ಎಂಟು ವಾರವೂ ಮೇಡಂ ಹೇಳಿದ ಮಾತು ಇದು. ಪುಟ ಚೆನ್ನಾಗಿದೆಯಾ, ಕಾಗುಣಿತ ಸರಿ ಇದೆಯಾ, ಲೋಗೋ ಇದೆಯಾ ಅಂತ ಅದರೊಳಗೇ ಕುಳಿತು ನೋಡುತ್ತಾ ಇದ್ದರೆ ಏನೂ ಗೊತ್ತಾಗುವುದಿಲ್ಲ. ಆ ಪುಟದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಬೇಕು. ಹೊಸಬರು ಹೆಣ್ಣು ಕೇಳಲು ಬಂದರೆ ನಾವು ಅವರ ಶರ್ಟು ನೋಡಿ ಒಪ್ಪುತ್ತೇವಾ? ಅವರ ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಇದು ಮೇಡಂ ಕೊಟ್ಟ ಹೋಲಿಕೆ. ಮಕ್ಕಳಿಗಿಂತ ಜಾಸ್ತಿ ನನಗೆ ಹಿಡಿಸಿತು.

ಇದು ಮೇಡಂ ತಾವೇ ಹುಟ್ಟುಹಾಕಿದ ವಿಧಾನ ಅಲ್ಲ, ಅದನ್ನೂ ಅವರೇ ಹೇಳಿದರು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅನ್ನುವವರು 10 ಇತಿಹಾಸಕಾರರು, 10 ಸುದ್ದಿ ಪರಿಶೀಲಕರು ಮತ್ತು 25 ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಅವರು ಪುಟಗಳನ್ನು ಹೇಗೆ ಅಳೆಯುತ್ತಾರೆ ಅಂತ ನೋಡಿದ್ದರು. ಹೆಚ್ಚು ಕಡಿಮೆ ಒಂದೇ ಥರ ಹೆಸರಿನ ಎರಡು ಮಕ್ಕಳ ವೈದ್ಯರ ಸಂಘಗಳನ್ನು ತೋರಿಸಿದರು. ಒಂದು 1930 ರಿಂದ ಇರುವ, ಹತ್ತಾರು ಸಾವಿರ ವೈದ್ಯರ ದೊಡ್ಡ ಸಂಘ. ಇನ್ನೊಂದು ಅದರಿಂದ ಸಿಡಿದು 2002 ರಲ್ಲಿ ಹುಟ್ಟಿದ ಸಣ್ಣ ಗುಂಪು. ಓದಿದವರು, ಪಿಎಚ್‌ಡಿ ಮಾಡಿದವರು ಪುಟದೊಳಗೇ ಓದುತ್ತಾ ಕುಳಿತು ಗೊಂದಲಕ್ಕೆ ಬಿದ್ದರು. ಸುದ್ದಿ ಪರಿಶೀಲಕರು ಮಾತ್ರ ಕೂಡಲೇ ಹೊರಗೆ ಬಂದು ಬೇರೆ ಪುಟಗಳನ್ನು ತೆರೆದರು, ಬೇಗ ಪತ್ತೆ ಮಾಡಿದರು. ಇದನ್ನು ಕೇಳಿದಾಗ ನನಗೆ ಧೈರ್ಯ ಬಂತು. ಇದಕ್ಕೆ ದೊಡ್ಡ ಓದು ಬೇಡ, ಅಭ್ಯಾಸ ಬೇಕು. ಲೈನ್ ಮನೆಯ ಮಗುವಿಗೂ ಬರುತ್ತದೆ.

ಎರಡನೇ ವಾರ ಹುಡುಕುವ ಪದಗಳ ಬಗ್ಗೆ. ಇಂಥ ಪಾಠ ಬೇರೆ ಕಡೆ ಸಿಗುವುದು ಕಷ್ಟ ಅನ್ನಿಸಿತು. ನಮ್ಮಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ, ಶಾಲೆಯಲ್ಲಿ ಕನ್ನಡ. ಮಕ್ಕಳು ಮೈಕ್ ಒತ್ತಿ ಮಾತಾಡಿ ಹುಡುಕುತ್ತಾರೆ. ಮೇಡಂ ಬೋರ್ಡಿನ ಮೇಲೆ ಮೂರು ಪದ ಬರೆದರು: ಬರೆ ಕುಸಿತ, ಗುಡ್ಡ ಕುಸಿತ, ಭೂಕುಸಿತ. ಬರೆ ಅಂದರೆ ನಮ್ಮ ಕಡೆ ಮಣ್ಣಿನ ಕಡಿದಾದ ಏರು. ಮೂರನ್ನೂ ಬೇರೆ ಬೇರೆ ಹುಡುಕಿಸಿದರು. "ಬರೆ ಕುಸಿತ" ಅಂದರೆ ನಮ್ಮ ಜಿಲ್ಲೆಯ ಸುದ್ದಿಯೇ ಜಾಸ್ತಿ, ಯಾರ ಮನೆ ಹಿಂದೆ ಬರೆ ಜಾರಿತು ಅನ್ನುವುದೂ ಸಿಗುತ್ತದೆ. "ಭೂಕುಸಿತ" ಅಂದರೆ ಸರಕಾರದ ವರದಿಗಳು, ಬೇರೆ ಜಿಲ್ಲೆಗಳದ್ದೂ. ಒಂದೇ ವಿಷಯ, ಮೂರು ಬಾಗಿಲು. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಸಾಲು ಇರುವ ಪುಟ ಸಿಗುತ್ತದೆ ಅಂತಲೂ ಅವತ್ತೇ ಕಲಿತರು. "ಪ್ರಾಯೋಜಿತ" ಅಂತ ಮೇಲೆ ಸಣ್ಣಗೆ ಬರೆದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ್ದು. ಡಾಟ್ ಗವ್ ಡಾಟ್ ಇನ್ ಅಂತ ಕೊನೆಯಾಗುವ ವಿಳಾಸ ಸರಕಾರಕ್ಕೆ ಮಾತ್ರ ಸಿಗುತ್ತದೆ. ಡಾಟ್ ಆರ್ಗ್ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನಾನು ಇಷ್ಟು ವರ್ಷ ಡಾಟ್ ಆರ್ಗ್ ಅಂದರೆ ಯಾವುದೋ ದೊಡ್ಡ ಸಂಸ್ಥೆ ಅಂತಲೇ ತಿಳಿದಿದ್ದೆ.

ಮೂರನೇ ವಾರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಮಕ್ಕಳಿಗೆ ಕೊಟ್ಟ ಕೆಲಸ ಸುಲಭದ್ದು. ಕಾವೇರಿ ನದಿಯ ಉದ್ದ ಎಷ್ಟು? ಬೋರ್ಡಿನ ಮೇಲೆ ಮೂರು ಉತ್ತರ ಬಂತು. 765 ಕಿಲೋಮೀಟರ್, 800, 805. ನಮ್ಮ ಜಿಲ್ಲೆಯಲ್ಲೇ ಹುಟ್ಟುವ ನದಿ, ನಾವು ತಾಯಿ ಅನ್ನುವ ನದಿ. ಮಕ್ಕಳಿಗೆ ಸಿಟ್ಟೇ ಬಂತು, ಯಾವುದು ಸರಿ ಅಂತ. ಒಬ್ಬಳು, "ಜಾಸ್ತಿ ಪುಟದಲ್ಲಿ ಯಾವುದು ಇದೆಯೋ ಅದೇ ಸರಿ" ಅಂದಳು. ಎಣಿಸೋಣ ಅಂತ ಮೇಡಂ ಅವಳಿಗೆ ಐದು ಪುಟ ತೆರೆಯಲು ಹೇಳಿದರು. ಐದರಲ್ಲೂ ಒಂದೇ ವಾಕ್ಯ. ಅಲ್ಪವಿರಾಮವೂ ಅದೇ ಜಾಗದಲ್ಲಿ, ಒಂದು ಅಕ್ಷರ ತಪ್ಪು, ಅದೂ ಐದರಲ್ಲೂ ಅದೇ ತಪ್ಪು. ಒಂದರಿಂದ ಇನ್ನೊಂದಕ್ಕೆ ನಕಲು. "ಇದು ಐದು ಸಾಕ್ಷಿನಾ, ಒಂದು ಸಾಕ್ಷಿನಾ?" ಅಂತ ಮೇಡಂ ಕೇಳಿದರು.

ಆಗ ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ಎದ್ದು ನಿಲ್ಲಿಸಿದರು. "ಆಂಟಿ ಅಂಗಡಿಯಲ್ಲಿ ಜೆರಾಕ್ಸಿನ ಜೆರಾಕ್ಸ್ ತೆಗೆದರೆ ಏನಾಗುತ್ತದೆ, ಹೇಳಿ." ಹೇಳಿದೆ. ಎರಡನೇ ಸಲಕ್ಕೆ ಸೀಲು ಮಸುಕು. ಮೂರನೆಯದಕ್ಕೆ ಸಹಿ ಕಾಣುವುದಿಲ್ಲ. ನಾಲ್ಕನೆಯದಕ್ಕೆ ಅಂಚಿನಲ್ಲಿ ಕಪ್ಪು ಗೆರೆ. ನೋಡಿದ ತಕ್ಷಣ ಇದು ಅಸಲಿ ಅಲ್ಲ ಅಂತ ಗೊತ್ತಾಗುತ್ತದೆ, ಅದಕ್ಕೇ ಆಫೀಸಿನಲ್ಲಿ ಅಸಲಿ ತನ್ನಿ ಅನ್ನುತ್ತಾರೆ. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಫೋನಿನಲ್ಲಿ ಸಾವಿರದ ನಕಲೂ ಮೊದಲನೆಯದರ ಹಾಗೇ ಫಳಫಳ ಇರುತ್ತದೆ. ಮಸುಕಾಗುವುದೇ ಇಲ್ಲ. ಕಣ್ಣಿಗೆ ಸುಳಿವು ಸಿಗುವುದಿಲ್ಲ. ಹಾಗಾಗಿ ಅಸಲಿ ಎಲ್ಲಿದೆ ಅಂತ ನಾವೇ ಹಿಂದೆ ಹಿಂದೆ ಹೋಗಿ ಹುಡುಕಬೇಕು.

ನದಿಯ ಅಸಲಿಗೆ ಹೋದರು. ಕೇಂದ್ರ ಜಲ ಆಯೋಗದ ಲೆಕ್ಕ 800 ಕಿಲೋಮೀಟರ್. ಕರ್ನಾಟಕದಲ್ಲಿ 320, ತಮಿಳುನಾಡಿನಲ್ಲಿ 416, ಎರಡೂ ರಾಜ್ಯದ ಗಡಿಯಾಗಿ ಹರಿಯುವುದು 64. ಮಗಳು ಕೂಡಿಸಿ ನೋಡಿದಳು, ಸರಿಯಾಗಿ 800 ಬಂತು. ಯಾರು ಅಳೆದರು ಅನ್ನುವುದು ಗೊತ್ತಿರುವ ಉತ್ತರ ಅದೊಂದೇ ಆಗಿತ್ತು.

ಇನ್ನು ನಾನು ಯಾಕೆ ಇಷ್ಟು ಆಸೆಯಿಂದ ಮಗಳನ್ನು ಕಳಿಸಿದೆ ಅಂತ ಹೇಳಬೇಕು. 2018 ರ ಆಗಸ್ಟ್, ಮಳೆಗೆ ನಮ್ಮ ಜಿಲ್ಲೆಯ ಗುಡ್ಡಗಳು ಕುಸಿದ ತಿಂಗಳು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಆ ಹೆಸರುಗಳು ಈಗಲೂ ಕೇಳಿದರೆ ಎದೆ ಭಾರ ಆಗುತ್ತದೆ. ಆ ವಾರ ಯಾರೋ ಒಂದು ಹಾಳೆ ತಂದರು, ಸಹಾಯಕ್ಕೆ ಕರೆ ಮಾಡುವ ನಂಬರುಗಳ ಪಟ್ಟಿ. ಜನಕ್ಕೆ ಹಂಚಬೇಕು ಅಂದರು. ನಾನು ದುಡ್ಡು ತೆಗೆದುಕೊಳ್ಳದೆ ಇನ್ನೂರು ಪ್ರತಿ ತೆಗೆದು ಕೊಟ್ಟೆ. ಎರಡು ದಿನ ಬಿಟ್ಟು ಗೊತ್ತಾಯಿತು, ಅದರಲ್ಲಿ ಕೆಲವು ನಂಬರು ಹಳೆಯವು, ಒಂದು ಬೇರೆ ರಾಜ್ಯದ್ದು. ಆ ಹಾಳೆ ಹಿಡಿದು ಯಾರು ಯಾರು ಫೋನ್ ಮಾಡಿದರೋ, ಯಾರಿಗೆ ಆ ಕಡೆಯಿಂದ ಉತ್ತರ ಸಿಗಲಿಲ್ಲವೋ, ನನಗೆ ಗೊತ್ತಿಲ್ಲ. ಒಂದು ನಂಬರಿಗೆ ನಾನೇ ಕರೆ ಮಾಡಿ ನೋಡಿದ್ದರೆ ಸಾಕಾಗಿತ್ತು. ಆ ಇನ್ನೂರು ಹಾಳೆ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ.

ನಾಲ್ಕು ಮತ್ತು ಐದನೇ ವಾರ ಫೋಟೋ, ವಿಡಿಯೋ. ಗುಡ್ಡದಿಂದ ಎರಡಂತಸ್ತಿನ ಮನೆ ಜಾರಿ ಬೀಳುವ ವಿಡಿಯೋ ನೀವೂ ನೋಡಿರುತ್ತೀರಿ. 2018 ರದ್ದು. ನನ್ನ ಫೋನಿಗೆ ಪ್ರತಿ ಮಳೆಗಾಲದಲ್ಲೂ "ಈಗ ತಾನೇ" ಅಂತ ಬರುತ್ತದೆ. ವಿಡಿಯೋ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಆ ಚಿತ್ರವನ್ನೇ ಕೊಟ್ಟು ಹುಡುಕುವುದನ್ನು ಮೇಡಂ ಕಲಿಸಿದರು. ಗೂಗಲ್‌ನಲ್ಲಿ ಚಿತ್ರ ಕೊಟ್ಟು ಹುಡುಕುವ ಸೌಲಭ್ಯ 2011 ರಿಂದಲೇ ಇದೆಯಂತೆ. ಸಿಕ್ಕಿದ ಪುಟಗಳಲ್ಲಿ ಎಲ್ಲಕ್ಕಿಂತ ಹಳೆಯ ತಾರೀಖು ಯಾವುದು ಅಂತ ನೋಡಬೇಕು. ಅಷ್ಟೇ ಕೆಲಸ. ಹಾಗೇ ಭೂಕಂಪದ ಮಾತು ಬಂದರೆ ರಾಷ್ಟ್ರೀಯ ಭೂಕಂಪ ಕೇಂದ್ರದ ಪುಟಕ್ಕೆ ಹೋಗಬೇಕು. 2022 ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಕರಿಕೆ ಕಡೆ ನೆಲ ನಡುಗಿದಾಗ ನಮ್ಮಲ್ಲಿ ಎಷ್ಟು ಮಾತು ಹರಡಿತ್ತು, ನೆನಪಿದೆಯಲ್ವಾ.

ಐದನೇ ವಾರ ನಡೆದದ್ದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ನವೆಂಬರ್ ತಿಂಗಳು. ಒಬ್ಬ ಹುಡುಗಿಯ ತಾಯಿಯ ಫೋನಿಗೆ ಕಾಡಾನೆ ವಿಡಿಯೋ ಬಂದಿತ್ತು. "ಇವತ್ತು ಬೆಳಿಗ್ಗೆ, ನಮ್ಮ ರಸ್ತೆಯಲ್ಲಿ, ಮಕ್ಕಳನ್ನು ಹೊರಗೆ ಬಿಡಬೇಡಿ" ಅಂತ ಒಂದು ಧ್ವನಿ. ನಮ್ಮ ಕಡೆ ಆನೆ ಅಂದರೆ ಸುಮ್ನೆ ಮಾತಲ್ಲ. ತೋಟದ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬರುವವರೆಗೆ ಜೀವ ಕೈಯಲ್ಲಿ ಇರುತ್ತದೆ. ಚಿತ್ರ ಕೊಟ್ಟು ಹುಡುಕಿದರು, ಏನೂ ಸಿಗಲಿಲ್ಲ. ಮೇಡಂ ಕೂಡ ಸ್ವಲ್ಪ ಹೊತ್ತು ಸುಮ್ಮನಾದರು. ಆಗ ಅದೇ ಏಡಿ ನೋಡಿದ್ದ ಹುಡುಗ ಫೋನ್ ಹತ್ತಿರ ಬಂದ. ಎರಡು ಸಲ ನೋಡಿದ. "ಮೇಡಂ, ಆನೆ ಹಿಂದೆ ನೋಡಿ. ಗಿಡದಲ್ಲಿ ಹೂವು ಇದೆ."

ಎಲ್ಲರೂ ಬಗ್ಗಿ ನೋಡಿದೆವು. ಹೌದು. ರೊಬಸ್ಟಾ ಕಾಫಿ ಗಿಡ, ರೆಂಬೆ ತುಂಬ ಬಿಳಿ ಹೂವು, ಹಿಮ ಬಿದ್ದ ಹಾಗೆ. ಕಾಫಿ ಹೂವು ಬಿಡುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ, ಹೂಮಳೆ ಬಿದ್ದ ಮೇಲೆ ಅಥವಾ ಸ್ಪ್ರಿಂಕ್ಲರ್ ಹಾಕಿದ ಮೇಲೆ. ನವೆಂಬರ್‌ನಲ್ಲಿ ಗಿಡದಲ್ಲಿ ಕಾಯಿ ಇರುತ್ತದೆ, ಹೂವು ಎಲ್ಲಿಂದ ಬರಬೇಕು? ವಿಡಿಯೋ ನಿಜ, ಆನೆ ನಿಜ. "ಇವತ್ತು" ಅನ್ನುವುದು ಮಾತ್ರ ಸುಳ್ಳು. ಕಂಪ್ಯೂಟರಿಗೆ ಸಿಗದ್ದನ್ನು ಅವನು ಕಂಡುಹಿಡಿದ. ಮೇಡಂ ಅವನನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಆದರೂ ಅವರು ಅಲ್ಲಿಗೇ ಬಿಡಲಿಲ್ಲ. ಇವತ್ತು ಬೇರೆ ಆನೆ ಬಂದಿರಲೂಬಹುದು, ಅದಕ್ಕೆ ಅರಣ್ಯ ಇಲಾಖೆಯವರನ್ನೇ ಕೇಳಬೇಕು ಅಂತ ಅಲ್ಲೇ ಫೋನ್ ಮಾಡಿ ವಿಚಾರಿಸಿ, ಆಮೇಲೆ ಮಕ್ಕಳನ್ನು ಮನೆಗೆ ಕಳಿಸಿದರು. ಸುಳ್ಳು ಅಂತ ಗೊತ್ತಾದ ಮೇಲೂ ಇನ್ನೊಂದು ಹೆಜ್ಜೆ ಇಟ್ಟರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಂಡಿತು.

ಸರಿ ಇಲ್ಲದ್ದನ್ನೂ ಹೇಳುತ್ತೇನೆ. ಎರಡೇ ಕಂಪ್ಯೂಟರ್, ಇಪ್ಪತ್ತೆರಡು ಮಕ್ಕಳು. ಹನ್ನೊಂದು ಮಕ್ಕಳಿಗೆ ಒಂದು. ಹಿಂದೆ ನಿಂತವರಿಗೆ ಪರದೆ ಕಾಣುವುದಿಲ್ಲ. ಆರನೇ ವಾರ ಹೊರಗಿನಿಂದ ಒಬ್ಬರನ್ನು ಕರೆಸಿದ್ದರು. ಅವರು ಒಂದೂವರೆ ಗಂಟೆ ಇಂಗ್ಲಿಷ್ ಸ್ಲೈಡ್ ಓದಿ ಹೋದರು, ಮಕ್ಕಳು ಒಂದು ಸಲವೂ ಮೌಸ್ ಮುಟ್ಟಲಿಲ್ಲ. ಆ ಶನಿವಾರ ದಂಡ. ಏಳನೇ ವಾರ ಮಳೆ ಬಂದು ಕರೆಂಟು ಹೋಯಿತು. ಕೊನೆಗೆ ಮೇಡಂ ತಮ್ಮ ಫೋನಿನಲ್ಲೇ ಪಾಠ ಮುಗಿಸಿದರು. ಕೃತಕ ಬುದ್ಧಿಮತ್ತೆಯಿಂದ ಹುಡುಕಾಟದ ಮೇಲೆಯೇ ಬರುವ ರೆಡಿ ಉತ್ತರದ ಬಗ್ಗೆ ಹೇಳಿದ್ದು ಅವತ್ತೇ, ಅವಸರದಲ್ಲಿ. ಅದರ ಕೆಳಗಿನ ಲಿಂಕ್ ತೆರೆದು, ಆ ಮಾತು ಅಲ್ಲಿ ನಿಜವಾಗಿ ಇದೆಯಾ ಅಂತ ನೋಡಿ ಅಂದರು. ಈಗ ಮಕ್ಕಳು ಎಲ್ಲಕ್ಕಿಂತ ಜಾಸ್ತಿ ನೋಡುವುದು ಅದನ್ನೇ. ಅದಕ್ಕೆ ಎರಡು ವಾರವಾದರೂ ಬೇಕು.

ನನ್ನ ದೊಡ್ಡ ಬೇಸರ ಬೇರೆ. ಹಾಡಿಯಿಂದ, ಅಂದರೆ ಆದಿವಾಸಿಗಳ ಕೇರಿಯಿಂದ, ಮೂರು ಮಕ್ಕಳು ಹೆಸರು ಕೊಟ್ಟಿದ್ದರು. ಎರಡನೇ ವಾರದ ನಂತರ ಬರಲಿಲ್ಲ. ನಾಲ್ಕೂವರೆಗೆ ತರಗತಿ ಬಿಟ್ಟರೆ ಅವರಿಗೆ ಬಸ್ಸಿಲ್ಲ. ತೋಟದ ನಡುವೆ ನಡೆದು ಹೋಗಬೇಕು, ಕತ್ತಲಾಗುವ ಹೊತ್ತು, ಆನೆ ಓಡಾಡುವ ದಾರಿ. ಬೆಳಿಗ್ಗೆಯೇ ಇಟ್ಟರೆ ಅವರೂ ಬರಬಹುದು. ಶನಿವಾರ ಅರ್ಧ ದಿನ ಶಾಲೆ ಇರುವುದರಿಂದ ಆಗುವುದಿಲ್ಲ ಅಂದರೆ ಭಾನುವಾರ ಇಡಲಿ. ಇದನ್ನು ಮೇಡಂಗೆ ನೇರವಾಗಿ ಹೇಳಿದ್ದೇನೆ. ಅವರೂ ಒಪ್ಪಿದ್ದಾರೆ.

ಅಂಗಡಿಯಲ್ಲಿ ಏನು ಬದಲಾಗಿದೆ ಅಂತ ಕೇಳಿದರೆ, ಆ ಇಪ್ಪತ್ತು ಚಿಲ್ಲರೆ ಮಕ್ಕಳನ್ನು ನಾನು ಈಗ ದೂರದಿಂದಲೇ ಗುರುತಿಸುತ್ತೇನೆ. "ನಾಲ್ಕು ಪುಟ ಪ್ರಿಂಟ್ ಕೊಡಿ" ಅನ್ನುವುದಿಲ್ಲ. ಲಿಂಕ್ ಕಳಿಸುತ್ತಾರೆ. ವಿಕಿಪೀಡಿಯ ಆದರೆ ಕೆಳಗಿನ ಉಲ್ಲೇಖದ ಪಟ್ಟಿಯೂ ಬೇಕು ಅನ್ನುತ್ತಾರೆ. ಪುಟದ ಅಡಿಯಲ್ಲಿ ವಿಳಾಸ, ತಾರೀಖು ಬರುವ ಹಾಗೆ ಪ್ರಿಂಟ್ ಕೇಳುತ್ತಾರೆ. ಮೊದಲು ನಾನೇ ಅದನ್ನು ಕೆಟ್ಟದಾಗಿ ಕಾಣುತ್ತದೆ ಅಂತ ತೆಗೆದು ಹಾಕುತ್ತಿದ್ದೆ. ಈಗ ಎಲ್ಲರಿಗೂ, ಕೇಳದಿದ್ದರೂ, ಹಾಕಿಯೇ ಕೊಡುತ್ತೇನೆ. ಹಂಚುವ ಹಾಳೆ ಯಾರಾದರೂ ತಂದರೆ ಅದರಲ್ಲಿರುವ ಫೋನ್ ನಂಬರಿಗೆ ಒಂದು ಕರೆ ಮಾಡಿ ನೋಡಿಯೇ ಪ್ರತಿ ತೆಗೆಯುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಕಂಪ್ಯೂಟರಿಗೂ ಹಾಡಿ ಮಕ್ಕಳ ಬಸ್ಸಿಗೂ. ಮೇಡಂ ಕಲಿಸುವುದಕ್ಕೆ ಮಾತ್ರ ಪೂರ್ತಿ ಐದು. ಎಂಟರಿಂದ ಹತ್ತನೇ ಕ್ಲಾಸಿನವರಿಗೆ ಸರಿಯಾಗಿದೆ, ಆರನೇ ಕ್ಲಾಸಿನವರಿಗೆ ಸ್ವಲ್ಪ ಕಷ್ಟ. ಸಾಧ್ಯ ಆದರೆ ಮೊದಲ ಎರಡು ವಾರ ನೀವೂ ಹಿಂದೆ ಕುಳಿತುಕೊಳ್ಳಿ, ಮೇಡಂ ಬೇಡ ಅನ್ನುವುದಿಲ್ಲ. ಮುಂದಿನ ಬ್ಯಾಚ್ ಸಂಕ್ರಾಂತಿ ಕಳೆದ ಮೇಲೆ. ಹೆಸರು ಬರೆಯುವ ಪುಸ್ತಕ ಈ ಸಲ ನನ್ನ ಅಂಗಡಿಯಲ್ಲೂ ಇಟ್ಟಿದ್ದೇನೆ. ಹಾಡಿ ಕಡೆಯಿಂದ ಬರುವವರು ಹೆಸರಿನ ಪಕ್ಕದಲ್ಲಿ ಊರು ಬರೆಯಿರಿ, ಎಷ್ಟು ಮಕ್ಕಳು ಅಂತ ಗೊತ್ತಾದರೆ ಜೀಪು ಮಾಡಲು ಪಂಚಾಯಿತಿಯವರನ್ನು ಕೇಳುತ್ತೇವೆ.